ಒಲೆ ಬೇರೆ

ಕ್ಯಾಲಿಫೋರ್ನಿಯಾದಲ್ಲಿ ನಾವಿರುವ ಕ್ಯಾಂಪ್‌ಬೆಲ್ಲಿನಲ್ಲಿ ನಮ್ಮ ಪರಿಚಯದವರು ನನ್ನ ಕೆಲಸ ಏನೆಂದು ಕೇಳಿದಾಗ ‘ಸರ್ಕಾರದ ದುಡ್ಡು ಹಂಚುತ್ತೇನೆ’ ಎಂದರೆ ಎಲ್ಲರೂ ನಗುತ್ತಾರೆ. ನಮಗೂ ಸ್ವಲ್ಪ ಇರಲಿ ಎನ್ನುವವರೂ ಇದ್ದಾರೆ. ನಿಜ ಹೇಳಬೇಕೆಂದರೆ ನನ್ನ ದಿನ ಹಂಚುವುದರಲ್ಲಿ ಕಳೆಯುವುದಿಲ್ಲ, ಯಾರಿಗೆ ಕೊಡಲಾಗದು, ಯಾಕೆ ಕೊಡಲಾಗದು ಎಂದು ಬರೆಯುವುದರಲ್ಲಿ ಕಳೆಯುತ್ತದೆ. ಬೇ ಏರಿಯಾದಲ್ಲಿ, ಕೊಲ್ಲಿಯ ಪೂರ್ವ ದಡದ ಒಂದು ನಗರದ ಕಚೇರಿಯಲ್ಲಿ ಅನುದಾನದ ಅರ್ಜಿಗಳನ್ನು ಪರಿಶೀಲಿಸುವವಳು ನಾನು. ಊರಿನ ಹೆಸರು ಬೇಡ, ಅಲ್ಲಿ ನನ್ನ ಕೆಲಸ ಇನ್ನೂ ಇದೆ.

ಈಚಿನ ಒಂದು ವಸಂತದಲ್ಲಿ ನಗರಸಭೆ ಹೊಸ ಅನುದಾನವೊಂದನ್ನು ಮಂಜೂರು ಮಾಡಿತು. ಆಫ್ರಿಕನ್ ಮೂಲದ ಜನ ತಲೆಮಾರುಗಳಿಂದ ಬಾಳಿದ ಬಡಾವಣೆಯೊಂದಿತ್ತು. ಅಲ್ಲಿ ಮುಚ್ಚಿಹೋದ ಅವರ ಸಣ್ಣ ಅಂಗಡಿಗಳನ್ನು ಮತ್ತೆ ತೆರೆಸುವುದು ಉದ್ದೇಶ. ಉದ್ದೇಶ ಹೀಗೆ ಬಾಯಲ್ಲಿ ಹೇಳಬಹುದು, ಕಾಗದದ ಮೇಲೆ ಬರೆಯುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರ ಇಂಥ ಕಡೆ ಜನರ ಬಣ್ಣ ನೋಡಕೂಡದೆಂದು ಕಾನೂನಿದೆ. ಆದ್ದರಿಂದ ನಾವು ನಕ್ಷೆಯ ಮೇಲೆ ಗೆರೆ ಎಳೆದೆವು. ಆ ಗೆರೆಯೊಳಗೆ ವಾಸವಿರುವವರಿಗೆ ಅನುದಾನ ಎಂದಾಯಿತು.

ಗೆರೆಯೊಳಗೆ ಈಗ ವಾಸವಿರುವವರು ಯಾರೆಂದು ನೋಡಿದರೆ ನಮ್ಮಂಥ ಹೊಸಬರೇ ಹೆಚ್ಚು. ಪಕ್ಕದ ಎಮರಿವಿಲ್ ಕಡೆಯಿಂದ ಹೊಸ ಅಪಾರ್ಟ್‌ಮೆಂಟುಗಳು ಓಣಿ ಓಣಿಯಾಗಿ ಇತ್ತ ಬಂದಿದ್ದವು. ಬಾಡಿಗೆ ಏರಿ ಹಳಬರು ದೂರದ ಆಂಟಿಯೋಕ್, ಸ್ಟಾಕ್‌ಟನ್ ಕಡೆಗೆ ಚೆದುರಿಹೋಗಿದ್ದರು. ಹೀಗಾಗಿ ಹಿಂದೆ ಅಲ್ಲಿದ್ದವರೂ ಅರ್ಹರು, ಆದರೆ ಇದ್ದದ್ದಕ್ಕೆ ಪುರಾವೆ ಬೇಕು ಎಂದು ಸೇರಿಸಿದೆವು. ಕೊನೆಗೆ ಇನ್ನೊಂದು ನಿಯಮ: ಒಂದು ಮನೆತನಕ್ಕೆ ಒಂದೇ ಅನುದಾನ. ಮನೆತನವೆಂದರೆ ಗೆರೆಯೊಳಗಿನ ಒಂದು ಮನೆಯಲ್ಲಿ ಕೂಡಿ ಬಾಳಿದವರೆಲ್ಲ, ಈಗ ಎಲ್ಲೇ ಇರಲಿ. ದೊಡ್ಡ ಕುಟುಂಬವೊಂದೇ ಎಲ್ಲವನ್ನೂ ಬಾಚಿಕೊಳ್ಳಬಾರದಲ್ಲ. ಕೇಳಲು ನ್ಯಾಯವಾಗಿಯೇ ಇತ್ತು.

ಕೌಂಟರಿಗೆ ಮೊದಮೊದಲು ಬಂದವರಲ್ಲಿ ಜಡೆ ಹೆಣೆಯುವ ಹೆಂಗಸೊಬ್ಬಳಿದ್ದಳು. ಹೆಸರು ಬರೆಯಲಾರೆ, ಅಕ್ಕ ಎನ್ನುತ್ತೇನೆ. ನನಗಿಂತ ದೊಡ್ಡವಳು. ಗೆರೆಯೊಳಗಿನ ಮುಖ್ಯ ಬೀದಿಯಲ್ಲಿ ಅವಳ ಅಂಗಡಿ ಇತ್ತಂತೆ. ಈಗ ಆಂಟಿಯೋಕಿನಲ್ಲಿ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಒಂದು ಕುರ್ಚಿ ಹಾಕಿಕೊಂಡು ಜಡೆ ಹೆಣೆಯುತ್ತಿದ್ದಳು. ಹಳೆಯ ಬೀದಿಯ ಚರ್ಚಿನವರು ತಮ್ಮ ಕಟ್ಟಡದ ಮುಂದಿನ ಮಳಿಗೆಯನ್ನು ಬೇಸಿಗೆ ಮುಗಿಯುವವರೆಗೆ ಅವಳಿಗೆಂದು ಹಿಡಿದಿಡುತ್ತೇವೆ ಎಂದಿದ್ದರು. ನೀರಿನ ಪೈಪು, ಸಿಂಕು, ಲೈಸೆನ್ಸು ಎಲ್ಲ ಆಗಬೇಕಾದದ್ದು ನಮ್ಮ ಅನುದಾನದಿಂದ.

ಅಕ್ಕ ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲೇ. ಆದರೆ ಅದು ಆಫೀಸಿನ ಇಂಗ್ಲಿಷಲ್ಲ, ಓಣಿಯದು. ಅದನ್ನು ಪುಸ್ತಕದ ಕನ್ನಡಕ್ಕೆ ತಂದರೆ ಅದರ ಜೀವ ಹೋಗುತ್ತದೆ. ನನ್ನ ಕಿವಿಗೆ ಅದು ಹೇಗೆ ಕೇಳಿತೋ ಹಾಗೆ, ನಮ್ಮ ಧಾರವಾಡದ ಮಾತಿನಲ್ಲೇ ಬರೆಯುತ್ತೇನೆ.

“ನನ್ನ ಕುರ್ಚಿ ನನ್ನ ಓಣಿಗೆ ವಾಪಸ್ ಹೋಗ್ಬೇಕ್ರಿ,” ಅಂದಳು. “ಅಷ್ಟ.”

ಪುರಾವೆ ಕೇಳಿದೆ. ಇರಲಿಲ್ಲ. ತಾಯಿ ತೀರಿಕೊಂಡ ಮೇಲೆ ಬ್ಯಾಂಕು ಆ ಓಣಿಯ ಮನೆಯನ್ನು ಸಾಲಕ್ಕೆ ಎಳೆದುಕೊಂಡಿತ್ತು, ಸಾಮಾನೆಲ್ಲ ಬೀದಿಗೆ ಬಿದ್ದಿತ್ತು, ಕಾಗದಪತ್ರ ಕಸದ ಲಾರಿ ಸೇರಿತ್ತು. ಉಳಿದದ್ದು ತಾಯಿಯ ಬೈಬಲ್ಲಿನೊಳಗೆ ಇಟ್ಟಿದ್ದ ಒಂದು ತೆಳುವಾದ ಪುಸ್ತಿಕೆ. ಅವರ ಚರ್ಚುಗಳಲ್ಲಿ ಯಾರಾದರೂ ತೀರಿಕೊಂಡರೆ ಹೀಗೊಂದು ಮಾಡಿಸುತ್ತಾರೆ. ಮೇಲೆ ಸತ್ತವರ ಫೋಟೊ, ಒಳಗೆ ಅವರ ಬದುಕಿನ ಕಥೆ, ಬಿಟ್ಟುಹೋದ ಮಕ್ಕಳು ಮೊಮ್ಮಕ್ಕಳ ಹೆಸರು, ಸಂಸ್ಕಾರದ ನಂತರ ಊಟ ಯಾವ ಮನೆಯಲ್ಲಿ ಎಂದು ವಿಳಾಸ. ಅದನ್ನು ಹೊಳೆಯುವ ಕಾಗದದ ಮೇಲೆ ಅಚ್ಚು ಹಾಕಿಸಿ, ಬಂದವರಿಗೆಲ್ಲ ಕೊಡುತ್ತಾರೆ. ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ.

ನಾನು ಅದನ್ನು ಮುಟ್ಟಲು ಒಂದು ಕ್ಷಣ ಹಿಂಜರಿದೆ. ನಮ್ಮ ಕಡೆ ಸಾವಿನ ಕಾಗದ ಬಂದರೆ ಓದಿ ಹರಿದುಹಾಕುತ್ತಾರೆ, ಮನೆಯೊಳಗೆ ಇಡುವುದಿಲ್ಲ. ಅಕ್ಕ ನೋಡುತ್ತಿದ್ದಳು, ಹಾಗಾಗಿ ಎರಡೂ ಕೈಯಿಂದ ತೆಗೆದುಕೊಂಡೆ.

ನಮ್ಮ ಕಚೇರಿಯ ವಕೀಲ ಅದನ್ನು ಒಪ್ಪಲಿಲ್ಲ. ಇದು ಸರ್ಕಾರಿ ದಾಖಲೆಯಲ್ಲ, ಯಾರು ಬೇಕಾದರೂ ಅಚ್ಚು ಹಾಕಿಸಬಹುದು ಎಂದ. ಕೆಟ್ಟ ಮನುಷ್ಯನಲ್ಲ, ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಅವನಂಥವರನ್ನು ನೋಡಿಯೇ ಹುಟ್ಟಿರಬೇಕು. ನನಗೆ ರೇಗಿತು. ಅನುದಾನ ಬರುತ್ತದೆಂದು ಇಷ್ಟು ವರ್ಷ ಮೊದಲೇ ಯಾರಾದರೂ ತಾಯಿಯ ಸಾವನ್ನು ಅಚ್ಚು ಹಾಕಿಸಿಕೊಂಡು ಕಾಯುತ್ತಾರೆಯೇ ಎಂದು ಕೇಳಿದೆ. ಪುಸ್ತಿಕೆಯಲ್ಲಿ ತಾರೀಕಿದೆ, ಆ ಮನೆಯ ವಿಳಾಸವಿದೆ, ಚರ್ಚಿನ ಹೆಸರಿದೆ. ಚರ್ಚಿನ ರಿಜಿಸ್ಟರಿಗೆ ತಾಳೆ ಹಾಕಿ ನೋಡಬಹುದು ಎಂದು ಟಿಪ್ಪಣಿ ಬರೆದೆ. ವಾರಗಟ್ಟಲೆ ಓಡಾಡಿದ ಮೇಲೆ ವಕೀಲ ಸಹಿ ಹಾಕಿದ. ಆಮೇಲೆ ಕೌಂಟರಿಗೆ ಇಂಥ ಪುಸ್ತಿಕೆಗಳು ಬರತೊಡಗಿದವು. ಪರ್ಸಿನಿಂದ, ಬೈಬಲ್ಲಿನಿಂದ, ಪ್ಲಾಸ್ಟಿಕ್ ಹಾಳೆಯೊಳಗಿಂದ ಜನ ತಮ್ಮ ಸತ್ತವರನ್ನು ತೆಗೆದು ನನ್ನ ಮುಂದೆ ಇಡುತ್ತಿದ್ದರು. ಸ್ಕ್ಯಾನ್ ಮಾಡಿ ಎರಡೂ ಕೈಯಿಂದ ವಾಪಸು ಕೊಡುತ್ತಿದ್ದೆ.

ಅಕ್ಕನ ಅರ್ಜಿ ಪಾಸಾದ ದಿನ ಅವಳ ಜೊತೆ ತಮ್ಮನೂ ಬಂದಿದ್ದ. ಎತ್ತರದ ಆಳು, ಮಾತು ಕಡಿಮೆ. ಟ್ರೇಲರಿನ ಮೇಲೆ ಕಬ್ಬಿಣದ ಪೀಪಾಯಿ ಇಟ್ಟುಕೊಂಡು, ಕಟ್ಟಿಗೆಯ ಹೊಗೆಯಲ್ಲಿ ಮಾಂಸ ಬೇಯಿಸಿ ಮಾರುತ್ತಿದ್ದ. ಗೆಳೆಯನ ಜಾಗದಲ್ಲಿ ವ್ಯಾನು ನಿಲ್ಲಿಸಿ ಅದರಲ್ಲೇ ಮಲಗುತ್ತಿದ್ದ. ಭಾನುವಾರ ಮಾತ್ರ ಅಕ್ಕನ ಮನೆಗೆ ಹೋಗಿ, ತಾನೇ ಬೇಯಿಸಿದ್ದನ್ನು ಬಡಿಸಿ ಬರುತ್ತಿದ್ದ. ನನಗೂ ಒಂದು ಪೊಟ್ಟಣ ತಂದಿದ್ದ. ಅರ್ಜಿದಾರರಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ ಎಂದೆ, ಅಲ್ಲದೆ ನಾನು ಮಾಂಸ ತಿನ್ನುವುದಿಲ್ಲ ಎಂದೆ. ಅಕ್ಕ ನಕ್ಕು, “ಇಕಿ ಎಲಿ ತಿನ್ನಾಕಿ ಅದಾಳ, ಬಿಡಪಾ,” ಎಂದು ಅವನಿಗೆ ಹೇಳಿ ನನ್ನನ್ನು ಛೇಡಿಸಿದಳು. ಅವನೂ ಅರ್ಜಿ ಹಾಕಲಿ ಎಂದು ನಾನೇ ಹೇಳಿದೆ. ಪರವಾನಗಿ ಇರುವ ಅಡುಗೆಮನೆಯಲ್ಲಿ ಜಾಗ ಸಿಕ್ಕರೆ ಅವನ ವ್ಯಾಪಾರ ನೆಲೆಗೆ ನಿಲ್ಲುತ್ತಿತ್ತು.

ಅವನ ಅರ್ಜಿ ಒಳಗೆ ಹೋದದ್ದೇ ತಡ, ಕಂಪ್ಯೂಟರು ಕೆಂಪು ಗುರುತು ಹಾಕಿತು. ಅದೇ ವಿಳಾಸ, ಅದೇ ತಾಯಿ, ಅದೇ ಪುಸ್ತಿಕೆ. ಒಂದು ಮನೆತನ, ಒಂದು ಅನುದಾನ. ಇಬ್ಬರಲ್ಲಿ ಒಬ್ಬರು.

ಮೇಲಧಿಕಾರಿಯ ಬಳಿ ಹೋದೆ. ಅವರು ಅದೇ ಬಡಾವಣೆಯ ಚರ್ಚಿನಲ್ಲಿ ಹಾಡಿ ಬೆಳೆದವರು. ನಿಯಮವನ್ನು ತಿದ್ದಲು ಮತ್ತೆ ನಗರಸಭೆಗೆ ಹೋಗಬೇಕು, ಸಭೆಗೆ ಬೇಸಿಗೆಯ ರಜೆ, ಈಗ ಕೆದಕಿದರೆ ಯಾರಾದರೂ ಕೋರ್ಟಿಗೆ ಹೋಗಿ ಇಡೀ ಯೋಜನೆಯನ್ನೇ ನಿಲ್ಲಿಸುತ್ತಾರೆ ಎಂದರು. ಯಾರು ತೆಗೆದುಕೊಳ್ಳಬೇಕೆಂದು ಅಕ್ಕ ತಮ್ಮ ಇಬ್ಬರೂ ಕೂತು ತೀರ್ಮಾನ ಮಾಡಲಿ ಎಂದರು.

ಆ ಸಂಜೆ ಫ್ರೀವೇಯಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ ನನಗೆ ಉಪಾಯ ಹೊಳೆಯಿತು. ಧಾರವಾಡದಲ್ಲಿ ನಮ್ಮಪ್ಪ, ಕಾಕಾ ಒಂದೇ ಮನೆಯಲ್ಲಿದ್ದರು, ರೇಷನ್ ಕಾರ್ಡು ಮಾತ್ರ ಎರಡು. ಒಲೆ ಬೇರೆ ಇದ್ದರೆ ಕಾರ್ಡು ಬೇರೆ. ಇನ್‌ಸ್ಪೆಕ್ಟರ್ ಬರುತ್ತಾನೆಂದು ಸುದ್ದಿ ಸಿಕ್ಕ ದಿನ ಕಾಕಾನ ಹೆಂಡತಿ ಕಾಕು ಹಿಂದಿನ ಪಡಸಾಲೆಯಲ್ಲಿ ಸೀಮೆಎಣ್ಣೆ ಸ್ಟೋವು ಹಚ್ಚಿ, ನಾಲ್ಕು ಪಾತ್ರೆ ಜೋಡಿಸಿ, ಅವನಿಗೆ ಅದರ ಮೇಲೇ ಚಹಾ ಕಾಸಿಕೊಡುತ್ತಿದ್ದಳು. ಅವನಿಗೂ ಗೊತ್ತು, ನಮಗೂ ಗೊತ್ತು. ‘ಒಲೆ ಬೇರೆ’ ಎಂದು ಬರೆದುಕೊಂಡು ಅವನು ಹೊಸ್ತಿಲು ದಾಟಿದ ಮೇಲೆ ಮನೆಮಂದಿಯೆಲ್ಲ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದೆವು. ಕಾಕು ಇನ್‌ಸ್ಪೆಕ್ಟರನ ದನಿ ಮಾಡಿ ತೋರಿಸುತ್ತಿದ್ದಳು. ಅದರಲ್ಲಿ ಯಾರಿಗೂ ನೋವಿರಲಿಲ್ಲ.

ಅಕ್ಕನ ತಾಯಿಯ ಮನೆಯ ಹಿಂದೆ ಗ್ಯಾರೇಜಿಗೆ ಹೊಂದಿಕೊಂಡ ಒಂದು ಕೋಣೆ ಇತ್ತೆಂದು ನನಗೆ ಗೊತ್ತಿತ್ತು. ಹರೆಯದಲ್ಲಿ ಅವಳ ತಮ್ಮ ಅಲ್ಲಿ ಮಲಗುತ್ತಿದ್ದನಂತೆ, ವಿದ್ಯುತ್ ಒಲೆಯೊಂದು ಅಲ್ಲಿತ್ತಂತೆ. ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನು ಮೈಸೂರಿನವನು, ಉತ್ತರ ಕರ್ನಾಟಕದವರ ಬುದ್ಧಿಯ ಬಗ್ಗೆ ಅವನಿಗೆ ಮೊದಲಿಂದಲೂ ಗುಮಾನಿ. “ಧಾರವಾಡದ ರೇಷನ್ ಆಫೀಸು ಬೇ ಏರಿಯಾಗೂ ಬಂತು ಅನ್ನು,” ಎಂದು ನಕ್ಕ. ನಾನೂ ನಕ್ಕೆ. ನಿಯಮ ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂಬ ಹೆಮ್ಮೆ ನನಗೆ.

ವಕೀಲ ಈ ಸಲ ಬೇಗ ಒಪ್ಪಿದ. ಹಿಂದಿನ ಕೋಣೆ ಬೇರೆ ಮನೆತನ ಎಂದಾದರೆ ಎರಡು ಅನುದಾನ ಕೊಡಬಹುದು. ಆದರೆ ತೊಡಕಿತ್ತು. ಪುಸ್ತಿಕೆಯಲ್ಲೇ ಒಂದು ಸಾಲಿತ್ತು: ಕೊನೆಯವರೆಗೂ ಜೊತೆಗಿದ್ದು ತಾಯಿಯನ್ನು ನೋಡಿಕೊಂಡ ಮಗ ಎಂದು. ಅದನ್ನು ಸರಿದೂಗಿಸಲು ಇಬ್ಬರಿಂದಲೂ ಪ್ರಮಾಣ ಮಾಡಿ ಸಹಿ ಹಾಕಿದ ಹೇಳಿಕೆ ಬೇಕು ಎಂದ. ಮಾದರಿಯನ್ನು ಅವನೇ ಬರೆದ. ಅಕ್ಕನದರಲ್ಲಿ ಹೀಗಿತ್ತು: ಮೇಲೆ ಹೇಳಿದ ವ್ಯಕ್ತಿ ನಮ್ಮ ತಾಯಿಯ ಮನೆತನದ ಸದಸ್ಯನಾಗಿರಲಿಲ್ಲ, ಅವನ ಅಡುಗೆ, ಊಟ, ಖರ್ಚು ಎಲ್ಲವೂ ಬೇರೆಯಾಗಿದ್ದವು. ತಮ್ಮನದರಲ್ಲಿ ಅದೇ ಮಾತು, ನಾನು ಎಂದು ಬದಲಿಸಿ. ಮೇಲಧಿಕಾರಿ ಎರಡನ್ನೂ ಓದಿ ತುಂಬ ಹೊತ್ತು ಸುಮ್ಮನೆ ಕೂತರು. “ಅವರಿಗೆ ಇದನ್ನು ಓದಿ ಹೇಳಿ,” ಎಂದಷ್ಟೇ ಹೇಳಿ ವಾಪಸು ಕೊಟ್ಟರು. ಆ ಸುಮ್ಮನಿರುವಿಕೆಯ ಅರ್ಥ ನನಗೆ ಆಗ ಆಗಲಿಲ್ಲ. ಕೆಲಸ ಬೇಗ ಮುಗಿಯಿತೆಂದು ಖುಷಿಯಾಗಿದ್ದೆ.

ಅಕ್ಕ ಬಂದು ಓದಿದಳು. ಬೆರಳಿಟ್ಟು ಮತ್ತೆ ಓದಿದಳು. ಅವನು ಸ್ವಲ್ಪ ಕಾಲ ಹಿಂದಿನ ಕೋಣೆಯಲ್ಲಿದ್ದದ್ದು ನಿಜ, ಆದರೆ ಅವ್ವನ ಕಾಯಿಲೆಯ ಕಾಲಕ್ಕೆ ಒಳಗೇ ಇದ್ದನಲ್ಲ ಎಂದಳು. ನಾನು ಕಾಕುವಿನ ಸ್ಟೋವಿನ ಕಥೆ ಹೇಳಿದೆ. ನಕ್ಕಳು. ಇದು ಬರೀ ಕಾಗದ, ಇಬ್ಬರಿಗೂ ಸಿಗುತ್ತದೆ, ಇಲ್ಲದಿದ್ದರೆ ಅವನಿಗೆ ತಪ್ಪುತ್ತದೆ ಎಂದೆ. ಆ ಕೊನೆಯ ಮಾತಿಗೆ ಅವಳು ಪೆನ್ನು ತೆಗೆದುಕೊಂಡಳು. ತನಗಾಗಿ ಆಗಿದ್ದರೆ ಅವಳು ಸಹಿ ಹಾಕುತ್ತಿರಲಿಲ್ಲ. ಅದು ನನಗೆ ಇವತ್ತಿಗೂ ಗೊತ್ತು, ಅದೇ ನನ್ನನ್ನು ಸುಡುತ್ತದೆ.

ಅವಳ ಸಹಿಯಾಗಿ ಸಿಟಿಯ ಸೀಲು ಬಿದ್ದ ಹಾಳೆಯನ್ನೂ ಅವನು ಸಹಿ ಮಾಡಬೇಕಾದ ಹಾಳೆಯನ್ನೂ ಅನುದಾನದ ವೆಬ್ ಪೋರ್ಟಲಿನ ಮೂಲಕ ತಮ್ಮನಿಗೆ ಕಳಿಸಿದೆ. ಉತ್ತರ ಬರಲಿಲ್ಲ. ನೆನಪಿನ ಸಂದೇಶ ಹೋಯಿತು, ಅದಕ್ಕೂ ಇಲ್ಲ. ಕೊನೆಗೆ ಒಂದು ಬೆಳಿಗ್ಗೆ ಅವನೇ ಕೌಂಟರಿಗೆ ಬಂದ. ಎರಡೂ ಹಾಳೆಗಳನ್ನು ಅಚ್ಚು ಹಾಕಿಸಿ ಮಡಚಿ ತಂದಿದ್ದ. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

“ನಮ್ಮವ್ವಗ ಕಡೀಕ ನಾನ ತುತ್ತು ಮಾಡಿ ಉಣಸೀನ್ರಿ,” ಅಂದ. “ಆಕಿ ಬಿಟ್ಟಿದ್ದನ್ನ ಅದ ತಾಟಿನ್ಯಾಗ ನಾ ಉಂಡೀನಿ. ಈಗ ನಮ್ಮವ್ವನ ಮನ್ಯಾಗ ಉಂಡಿಲ್ಲಂತ ಬರದು ಸಹಿ ಮಾಡ್ಲೇನು?”

ಇದು ಬರೀ ನಿಯಮಕ್ಕಾಗಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೆ. ನಮ್ಮ ಊರಿನಲ್ಲೂ ಹೀಗೆ ಮಾಡುತ್ತಾರೆ ಎಂದು ಶುರುಮಾಡಿದೆ. ಅವನು ತಲೆಯಾಡಿಸಿ ನನ್ನ ಮಾತು ಮುಗಿಯುವವರೆಗೆ ಕೇಳಿದ.

“ನಿಮ್ಮೂರಾಗ ನೀವ ಬ್ಯಾರೆ ಆದ್ರಿ, ನೀವ ಕೂಡಿ ಉಂಡ್ರಿ,” ಅಂದ. “ನಮ್ಮನ್ನ ಬ್ಯಾರೆ ಮಾಡಿದವ್ರು ಬ್ಯಾರೇದವ್ರು. ತಾಯಿ ಒಬ್ಬಾವನ ಪಟ್ಟಿಯೊಳಗ, ಮಗ ಇನ್ನೊಬ್ಬಾವನ ಪಟ್ಟಿಯೊಳಗ. ಅದು ನಮಗ ಮೊದಲಿಂದ ಗೊತ್ತೈತ್ರಿ. ಆದ್ರ ಈ ಸಲ ಕೆಳಗ ನಮ್ಮಕ್ಕನ ಸಹಿ ಐತಿ.”

ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಲು ಏನು ಮಾಡಬೇಕೆಂದು ಕೇಳಿದ. ಹೇಳಿದೆ. ಮಾಡಿ ಹೋದ. ನಾನು ಶೌಚಾಲಯಕ್ಕೆ ಹೋಗಿ ಅತ್ತೆ. ಗುಲಾಮಗಿರಿಯ ಚರಿತ್ರೆಯನ್ನು ನಾನು ಓದಿರಲಿಲ್ಲವೆಂದಲ್ಲ. ಹರಾಜಿನಲ್ಲಿ ಮಕ್ಕಳನ್ನು ತಾಯಂದಿರಿಂದ ಬೇರೆ ಮಾಡಿ ಮಾರಿದ್ದನ್ನು, ಆ ಪಟ್ಟಿಗಳನ್ನು ಓದಿದ್ದೆ. ನಗರದವರು ಕೊಟ್ಟ ತರಬೇತಿಯಲ್ಲಿ ಕೂತು ಪ್ರಮಾಣಪತ್ರವನ್ನೂ ಪಡೆದಿದ್ದೆ. ಆದರೂ ರಂಗೋಲಿ ಕೆಳಗೆ ತೂರುವಾಗ ಅದು ನೆನಪಿಗೆ ಬರಲಿಲ್ಲ.

ಅಕ್ಕನಿಂದ ಫೋನು ಬಂತು. ತಮ್ಮ ಫೋನು ಎತ್ತುತ್ತಿಲ್ಲ, ಭಾನುವಾರವೂ ಬರಲಿಲ್ಲ, ವ್ಯಾನಿನ ಬಾಗಿಲು ಬಡಿದರೆ ಒಳಗಿದ್ದೂ ತೆರೆಯಲಿಲ್ಲ ಎಂದಳು. ಆ ಹಾಳೆಯನ್ನು ತೆಗೆದುಹಾಕಿ ಎಂದಳು. ಅವನ ಅರ್ಜಿಯೇ ಇಲ್ಲವೆಂದ ಮೇಲೆ ಅದಕ್ಕೇನು ಕೆಲಸ ಎಂದು ನಾನೂ ವಕೀಲನ ಬಳಿ ಓಡಿದೆ. ಅವನು ನಿಧಾನವಾಗಿ ವಿವರಿಸಿದ. ಪ್ರಮಾಣ ಮಾಡಿ ಸಹಿ ಹಾಕಿದ ಹಾಳೆ ಒಮ್ಮೆ ಫೈಲಿಗೆ ಸೇರಿದರೆ ಅದು ಸಾರ್ವಜನಿಕ ದಾಖಲೆ, ಕಿತ್ತುಹಾಕುವಂತಿಲ್ಲ. ಬೇಕಿದ್ದರೆ ತಾನು ಹೇಳಿದ್ದು ನಿಜವಲ್ಲವೆಂದು ಇನ್ನೊಂದು ಹಾಳೆ ಬರೆದು ಸೇರಿಸಬಹುದು. ಆದರೆ ಹಾಗೆ ಬರೆದರೆ ಸುಳ್ಳು ಪ್ರಮಾಣ ಮಾಡಿದಂತಾಗಿ ಅವಳ ಅನುದಾನವೂ ಬೀಳುತ್ತದೆ.

ಆ ಉಪಾಯ ನನ್ನದು, ನಾನೇ ಹೇಳಿಕೊಟ್ಟದ್ದು ಎಂದು ಮೇಲಧಿಕಾರಿಗೆ ಬರೆದು ಕೊಟ್ಟೆ. ಅವರು ಕಾಗದವನ್ನು ಓದಿ, ನನ್ನ ಸಲಹೆ ಯಾವ ನಿಯಮದಲ್ಲೂ ಬರುವುದಿಲ್ಲ, ಅವಳ ಸಹಿ ಬರುತ್ತದೆ ಎಂದರು. ನನಗೆ ಒಂದು ಮೆಮೊ ಸಿಕ್ಕಿತು, ಅಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಹೊರಡುವಾಗ ಅವರು, ಆ ಹಾಳೆಗಳನ್ನು ಓದಿದ ದಿನವೇ ತಾವು ಬಾಯಿಬಿಟ್ಟು ಬೇಡ ಎನ್ನಬೇಕಿತ್ತು ಎಂದರು. ಯೋಜನೆ ಉಳಿಯಲಿ ಎಂದು ಸುಮ್ಮನಿದ್ದರಂತೆ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಅಕ್ಕನನ್ನು ಕರೆಸಿ ಎಲ್ಲವನ್ನೂ ಹೇಳಿದೆ. ಈ ಸಲ ಯಾವ ಉಪಾಯವನ್ನೂ ಹೇಳಲಿಲ್ಲ. ಹಾಳೆ ಹಾಗೇ ಇದ್ದರೆ ಮಳಿಗೆ ಸಿಗುತ್ತದೆ, ಚರ್ಚಿನವರು ಹೇಳಿದ ಬೇಸಿಗೆ ಇನ್ನೂ ಮುಗಿದಿಲ್ಲ. ಹಾಳೆ ತಿದ್ದಿದರೆ ಏನೂ ಸಿಗುವುದಿಲ್ಲ. ತಿದ್ದಿದರೂ ತಮ್ಮ ವಾಪಸು ಬರುತ್ತಾನೆಂದು ಯಾರೂ ಹೇಳಲಾರರು. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಜಡೆ ಹೆಣೆದು ಹೆಣೆದು ಬೆರಳ ಗೆಣ್ಣುಗಳು ದಪ್ಪಗಾಗಿದ್ದವು. ಯೋಚನೆ ಮಾಡಲು ಸಮಯ ಬೇಕೇ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿ ಒಂದು ಖಾಲಿ ಹಾಳೆ ಕೇಳಿದಳು. ಮಾದರಿ ಇದೆ ಎಂದೆ.

“ನಿಮ್ಮ ಮಾದರಿ ಸಾಕ್ರಿ,” ಅಂದಳು.

ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಳು. ಅವನು ನಮ್ಮ ತಾಯಿಯ ಮನೆಯವನು. ಅಲ್ಲಿ ಹುಟ್ಟಿದ, ಅಲ್ಲಿ ಉಂಡ, ಕೊನೆಗೆ ಅವಳಿಗೆ ಉಣಿಸಿದವನು ಅವನೇ. ನಾನು ಮೊದಲು ಬರೆದದ್ದು ಸುಳ್ಳು. ಅಷ್ಟೇ ಇತ್ತು. ಪ್ರಮಾಣ ಮಾಡಿಸಿ ಸಹಿ ಪಡೆದೆ. ಅವಳ ಅರ್ಜಿಯ ಮುಂದೆ ‘ಅನರ್ಹ’ ಎಂದು ಟೈಪು ಮಾಡಬೇಕಾದವಳೂ ನಾನೇ. ಕಾರಣದ ಜಾಗದಲ್ಲಿ ಏನು ಬರೆದರೂ ಅದು ಅವಳ ಮೇಲೇ ಬರುತ್ತಿತ್ತು. ತಲೆ ತಗ್ಗಿಸಿ ನಿಯಮದ ಸಂಖ್ಯೆಯನ್ನಷ್ಟೇ ಹಾಕಿದೆ. ನಿಯಮ ತಿದ್ದಬೇಕೆಂದು ಆಮೇಲೆ ನಾನು ಕಳಿಸಿದ ಟಿಪ್ಪಣಿ ಇನ್ನೂ ಸಮಿತಿಯ ಮುಂದಿದೆ. ಚರ್ಚಿನವರು ಬೇಸಿಗೆ ಮುಗಿದ ಮೇಲೂ ಕೆಲವು ವಾರ ಕಾದು, ಮಳಿಗೆಯನ್ನು ಕಾಫಿ ಮಾರುವವರಿಗೆ ಕೊಟ್ಟರು.

ಆದರೆ ಆ ದಿನ ಅಕ್ಕ ಕೂಡಲೇ ಎದ್ದು ಹೋಗಲಿಲ್ಲ. ತಾನು ಬರೆದ ಹಾಳೆಯ ಒಂದು ಪ್ರತಿ ಬೇಕು ಎಂದಳು. ಜೆರಾಕ್ಸು ಮಾಡಿ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಕಡೆ ಚಾಚಿದಳು.

“ಸಿಟಿಯ ಸೀಲು ಹಾಕಿ ಕೊಡ್ರಿ. ಮೊದಲಿನ ಹಾಳಿಗೆ ಹಾಕಿದ್ರಲ್ಲ, ಇದಕ್ಕೂ ಹಾಕ್ರಿ. ಅಂವ ಬಾಗಲಾ ತೆಗೀಲಿಲ್ಲಂದ್ರ ಸಂದ್ಯಾಗಿಂದ ಒಳಗ ಹಾಕಿ ಬರ್ತೀನಿ.”

ಪ್ರತಿಗಳಿಗೆ ಸೀಲು ಹಾಕಲು ಒಂದು ಅರ್ಜಿ, ಒಂದು ಶುಲ್ಕ, ಬೇರೊಂದು ಕೌಂಟರು ಇದೆ. ಅದನ್ನೆಲ್ಲ ಹೇಳಲಿಲ್ಲ. ಡ್ರಾಯರಿನಿಂದ ಸೀಲು ತೆಗೆದು ಅವಳ ಸಹಿಯ ಪಕ್ಕದಲ್ಲಿ ಒತ್ತಿದೆ. ಅದು ಅರ್ಧ ಮಸುಕಾಗಿ ಬಿತ್ತು. ಅಕ್ಕ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು.

“ಇನ್ನೊಮ್ಮೆ ಒತ್ರಿ,” ಅಂದಳು. “ಅಂವಗ ಓದಾಕ ಬರ್ಬೇಕು.”

ಇನ್ನೊಮ್ಮೆ ಒತ್ತಿದೆ. ಶಾಯಿ ಆರುವವರೆಗೆ ಇಬ್ಬರೂ ಅದನ್ನೇ ನೋಡುತ್ತ ನಿಂತಿದ್ದೆವು.